ಬಿಸಿಲು ಕಾಣದ ಬೀಜ

ಮೇ ೬, ಬೆಳಿಗ್ಗೆ

ಚಾಪೆ ಹಾಸಿದೆ. ಬೀಜ ಹರಡಿದೆ. ಕೈ ತೊಳೆದು ಚಹಾಕ್ಕೆ ನೀರಿಡುವಷ್ಟರಲ್ಲಿ ಮೋಡ. ಮತ್ತೆ ಬಾಚಿ ಬುಟ್ಟಿಗೆ. ನಿನ್ನೆಯೂ ಇದೇ, ಮೊನ್ನೆಯೂ ಇದೇ. ಇವತ್ತು ಹನಿಯೂ ಬಿತ್ತು, ಓಡಿ ಬಾಚುವಾಗ ತುಳಸಿಕಟ್ಟೆಯ ಪಕ್ಕ ಒಂದಷ್ಟು ಚೆಲ್ಲಿತು. ಆರಿಸಲು ಪುರುಸೊತ್ತಿಲ್ಲ, ಬಸ್ಸಿಗೆ ಹೊತ್ತಾಯಿತು.

ಮೇ ತಿಂಗಳೆಂದರೆ ಅಂಗಳಕ್ಕೆ ಬರಿಗಾಲಿಡಲು ಆಗಬಾರದು. ಈ ವರ್ಷ ಕಲ್ಲು ತಣ್ಣಗೆ. ಹಿನ್ನೀರಿನ ಕಡೆಯಿಂದ ಗಾಳಿ ಬೇರೆ. ಅತ್ತೆ ಕಂಬಳಿ ಹೊದ್ದು ಚಹಾ ಕುಡಿದರು. ಊರಿಗೆಲ್ಲ ಖುಷಿ... ನಾನೊಬ್ಬಳೇ ಆಕಾಶ ನೋಡಿ ಶಪಿಸುವವಳು.

ಕಗ್ಗದ ಬೀಜಕ್ಕೆ ಬಿತ್ತುವ ಮೊದಲು ನಾಲ್ಕು ಒಳ್ಳೆಯ ಬಿಸಿಲು ತೋರಿಸಬೇಕು. ಇದು ಮಾವನ ಶಾಸ್ತ್ರ. ಆಮೇಲೆ ನೆನೆಹಾಕಿ, ಮೊಳಕೆ ಬರಿಸಿ, ಮೊದಲ ಮಳೆಗೆ ಗಜನಿಗೆ ಚೆಲ್ಲುವುದು. ಉಪ್ಪುನೀರು ನುಗ್ಗುವ ಆ ಗದ್ದೆಯಲ್ಲಿ ಬೇರೆ ಭತ್ತ ತಲೆಯೆತ್ತುವುದಿಲ್ಲ, ಇದೊಂದೇ. ಇಷ್ಟು ವರ್ಷ ಮಾವನೇ ನೋಡಿಕೊಂಡರು. ದೀಪಾವಳಿ ಮುಗಿದ ಮೇಲೆ ಲಕ್ವ ಹೊಡೆದು ಎಡಗೈ ಹೋಯಿತು, ಮಾತು ತೊದಲಿತು. ಈಗ ಜಗುಲಿಯೇ ಅವರ ಊರು.

"ಬೀಜ ಯಾರ್ ನೋಡ್ಕಂತ್ರಿ?" ಎಂದು ಮಾವ ಕೇಳಿದ್ದರು. ಮಗನಾದ ಇವರು ಕಾಲ ಹೆಬ್ಬೆರಳು ನೋಡುತ್ತ ಕೂತರು. ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ಮನೆಯಲ್ಲಿರುವುದೇ ಅಪರೂಪ. ನಾನು, "ನಾ ನೋಡ್ಕಂತೆ ಮಾವ" ಎಂದುಬಿಟ್ಟೆ. ನನ್ನ ಬಾಯಿಯೇ ನನಗೆ ಶತ್ರು.

ಮೇ ೭, ಮಧ್ಯಾಹ್ನ, ಶೋರೂಮ್

ಗಿರಾಕಿ ಇಲ್ಲ. ಬಾಗಿಲ ಹತ್ತಿರ ಕೂಲರುಗಳು ಸಾಲಾಗಿ ನಿಂತಿವೆ, ಮದುವೆಗೆ ಬಂದು ಊಟ ಸಿಗದ ನೆಂಟರ ಹಾಗೆ. ಮಾಲೀಕರು ಕುಮಾರಣ್ಣ ಅರ್ಧ ಗಂಟೆಗೊಮ್ಮೆ ಕೇಳುತ್ತಾರೆ — "ಭಾರತಿ, ಹೊರಗ್ ನೋಡ, ಬಿಸಿಲು ಬಂತಾ?"

ಬೆಳಿಗ್ಗೆ ಒಬ್ಬರು ಕೂಲರ್ ವಾಪಸು ತಂದರು. ಏನು ಕಂಪ್ಲೇಂಟ್ ಎಂದು ಕೇಳಿದೆ. "ಕಂಪ್ಲೇಂಟ್ ಎಂತದೂ ಇಲ್ಲ ತಂಗಿ. ಚಳಿ ಆಗ್ತದೆ."

ಕುಮಾರಣ್ಣ ನಗಲಿಲ್ಲ. ನಾನು ಒಳಗೆ ಹೋಗಿ ನಕ್ಕು ಬಂದೆ. ಆಮೇಲೆ ಬೀಜ ನೆನಪಾಯಿತು, ನಗು ಹೋಯಿತು. ಇಡೀ ಅಂಕೋಲೆಯಲ್ಲಿ ಬಿಸಿಲು ಬೇಡುವವರು ನಾವಿಬ್ಬರೇ ಇರಬೇಕು. ಇಲ್ಲ, ಪೇಟೆಯ ದಾರಿಯಲ್ಲಿ ಮಾವು ಮಾರುವವರೂ ಇದ್ದಾರೆ. ಕರಿ ಇಶಾಡ ಹುಲ್ಲಿನಲ್ಲಿಟ್ಟರೂ ಹಣ್ಣಾಗುತ್ತಿಲ್ಲವಂತೆ.

ಫೋನಿನಲ್ಲಿ ಫಾರ್ಕಾಸ್ಟ್ ನೋಡಿದೆ. ಮೋಡದ ಚಿತ್ರ, ಅದರ ಪಕ್ಕ ಮೋಡದ ಚಿತ್ರ. ನೋಡಬಾರದೆಂದು ಫೋನ್ ಬ್ಯಾಗಿಗೆ ಹಾಕಿದೆ. ಮತ್ತೆ ತೆಗೆದೆ.

ಮೇ ೯

ಭಾವ ಬಂದರು. ಕಾರವಾರದಿಂದ ಕುಟುಂಬ ಸಮೇತ — ಭಾವ, ಲತಾ ವಯ್ನಿ, ಮಗಳು ನಾಗಶ್ರೀ. ರಜೆ, ಮಾವಿನಹಣ್ಣು, ಜೊತೆಗೆ ಗಜನಿಯ ಮಾತು. ಮೂರನೆಯದಕ್ಕಾಗಿಯೇ ಬಂದದ್ದು ಎಂದು ಎಲ್ಲರಿಗೂ ಗೊತ್ತು.

ಊಟವಾದ ಮೇಲೆ ಭಾವನೇ ತೆಗೆದರು.

"ಅಪ್ಪ, ನಾ ಜಗಳಕ್ಕೆ ಬಂದವ ಅಲ್ಲ. ಈ ವರ್ಷ ಬಿತ್ತಿದ್ರಿ ಅಂದ್ರೆ ಗಜನಿ ಗದ್ದೆಯಾಗೇ ಇರ್ಲಿ. ಬಿತ್ತೂಕೆ ಆಗ್ಲಿಲ್ಲ ಅಂದ್ರೆ ಸಿಗಡಿಯವಂಗೆ ಕೊಡ್ವ. ಪಾಳು ಬಿಡೂದು ಮಾತ್ರ ಬ್ಯಾಡ."

ಭಾವ ಕೆಟ್ಟವರಲ್ಲ. ಅವರು ಹೇಳುವುದರಲ್ಲಿ ತಪ್ಪೂ ಇಲ್ಲ, ಅದೇ ನನ್ನ ಕಷ್ಟ. ಆದರೆ ಒಮ್ಮೆ ತೂಬಿನ ಹಲಗೆ ತೆಗೆದು ಉಪ್ಪುನೀರು ತುಂಬಿಸಿ ಸಿಗಡಿ ಬಿಟ್ಟರೆ, ಆ ಮಣ್ಣು ಮತ್ತೆ ಭತ್ತಕ್ಕೆ ಬರುವುದಿಲ್ಲ. ಆಚೆಯವರ ಗಜನಿ ಹಾಗೇ ಆಯಿತು. ಮಾವ ಜಗುಲಿಯಲ್ಲಿ ಕೂತು ಬೆಳಗಿನಿಂದ ಸಂಜೆಯ ತನಕ ನೋಡುವುದು ನಮ್ಮ ಗಜನಿಯನ್ನೇ. ಲಕ್ವ ಹೊಡೆದ ಮೇಲೆ ಅವರು ಮೊದಲು ಆಡಿದ ಮಾತು ಅತ್ತೆಯ ಹೆಸರಲ್ಲ, ನೀರೂ ಅಲ್ಲ — "ತೂಬು". ಹಲಗೆ ಸರಿ ಇದೆಯೋ ಇಲ್ಲವೋ ಎಂಬ ಚಿಂತೆ. ಅತ್ತೆ ಅದನ್ನು ಹೇಳಿ ಇನ್ನೂ ಬೈಯುತ್ತಾರೆ.

ಮಾವ ನನ್ನ ಕಡೆ ತಿರುಗಿದರು. "ಬಿಸಿಲಾಯ್ತಾ?"

"ಎರಡಾಯ್ತು ಮಾವ" ಎಂದೆ. ಒಂದೂ ಸರಿಯಾಗಿ ಆಗಿಲ್ಲ.

ಮೇ ೧೨, ಸಂಜೆ

ಬುಟ್ಟಿಗೆ ಕೈ ಹಾಕಿದೆ. ತಂಪು. ಮೂಗಿಗೆ ಹಿಡಿದರೆ ಮಳೆಗಾಲದ ಬಟ್ಟೆಯ ವಾಸನೆ. ನಿಜವಾಗಿ ಇದೆಯೋ, ನನ್ನ ಹೆದರಿಕೆಗೆ ಬರುತ್ತಿದೆಯೋ ಗೊತ್ತಾಗುತ್ತಿಲ್ಲ. ನಾಗಶ್ರೀಗೆ ಮೂಸಲು ಕೊಟ್ಟೆ. "ಭತ್ತದ ವಾಸನೆ ಕಾಕಿ" ಎಂದಳು. ಕಾಲೇಜು ಹುಡುಗಿಗೆ ಅಷ್ಟೇ ಗೊತ್ತು.

ಬೂಸಲು ಹಿಡಿದರೆ ಮುಗಿಯಿತು. ಮನೆಯಲ್ಲಿರುವುದು ಇಷ್ಟೇ ಬೀಜ.

ಇವರಿಗೆ ಫೋನ್ ಮಾಡಿದೆ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ, "ಆಗ್ತದೆ ಬಿಡೆ, ಟೆನ್ಶನ್ ಎಂತಕೆ" ಎಂದರು. ಈ ಮನುಷ್ಯನಿಗೆ ಮನೆಗೆ ಬೆಂಕಿ ಬಿದ್ದರೂ ಆಗ್ತದೆ ಬಿಡೆ.

ನನ್ನ ತವರು ಕದ್ವಾಡದಲ್ಲಿ ಆಯಿ ಮುರುಗಲ ಸಿಪ್ಪೆ ಒಣಗಿಸುವಾಗ ಮೋಡ ಬಂದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದಳು. ಬೆಳಿಗ್ಗೆ ಸ್ನಾನದ ನೀರು ಕಾಯುವ ಬಿಸಿ, ಅಷ್ಟೇ. ಹದವಾಗಿ ಒಣಗುತ್ತಿತ್ತು.

ನಮ್ಮ ಬಚ್ಚಲಿಗೂ ಅಟ್ಟ ಇದೆ. ಮೇ ತಿಂಗಳಲ್ಲಿ ಮಾವನೊಬ್ಬರಿಗೇ ಬಿಸಿನೀರು, ಒಂದು ಕೊಡ.

ಏರಿಸಿದೆ. ಗೋಣಿಯ ಮೇಲೆ ಹರಡಿ ಮೇಲೊಂದು ಹಳೆಯ ಸೀರೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾವ ಬೇಡ ಎನ್ನುತ್ತಾರೆ. ಬೀಜಕ್ಕೆ ಸೂರ್ಯನ ಬಿಸಿ ಬೇರೆ, ಒಲೆಯ ಬಿಸಿ ಬೇರೆ ಎಂದು ಒಂದು ಪುರಾಣ ಶುರುವಾಗುತ್ತದೆ.

ಮೇ ೧೩, ಬೆಳಿಗ್ಗೆ

ಅಟ್ಟ ಹತ್ತಿ ನೋಡಿದೆ. ಬೆಚ್ಚಗಿದೆ, ಅಷ್ಟೇ. ಕಾಳು ಹಲ್ಲಿಗೆ ಕಟಕ್ ಎಂದಿತು. ವಾಸನೆ ಇಲ್ಲ. ಎಷ್ಟೋ ದಿನದ ಮೇಲೆ ಚಹಾ ರುಚಿ ಹತ್ತಿತು. ಲತಾ ವಯ್ನಿಗೆ ಎರಡನೇ ದೋಸೆ ನಾನೇ ಒತ್ತಾಯ ಮಾಡಿ ಹಾಕಿದೆ. "ಇವತ್ತೆಂತ ಭಾರತಿ, ಬಹಳ ಖುಷಿಯಲ್ಲಿದ್ಯೆ?" ಎಂದರು.

"ತಂಪು ಅದ್ಯಲ್ಲ ವಯ್ನಿ, ಅದಕ್ಕೆ" ಎಂದೆ.

ಕದ್ವಾಡದಿಂದ ಫೋನ್. ಆಯಿಗೆ ಜ್ವರ. ಈ ಚಳಿಗಾಳಿಯೇ ಕಾರಣವಂತೆ. ತಮ್ಮ ರೋಷನ ಒಬ್ಬನೇ ಇದ್ದಾನೆ, ಗಂಜಿ ಮಾಡಲೂ ಬಾರದು. ಕುಮಾರಣ್ಣನ ಹತ್ತಿರ ರಜೆ ಕೇಳಿದರೆ ತಕ್ಷಣ ಕೊಟ್ಟರು. ಅಂಗಡಿಯಲ್ಲಿ ಏನು ಕೆಲಸ, ಹೋಗು ಎಂದರು. ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಬೀಜ ಅಟ್ಟದಲ್ಲೇ ಇರಲಿ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೇ ೧೭, ಮಧ್ಯಾಹ್ನ

ಕದ್ವಾಡದಿಂದ ಬಂದೆ. ಆಯಿಗೆ ವಾಸಿ. ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇಲ್ಲವಾದರೆ ಯಾರಿಗಾದರೂ ಕೂಗಿ ಹೇಳಿಬಿಡುತ್ತೇನೆ.

ಗೇಟು ದಾಟುವಾಗಲೇ ಬಚ್ಚಲ ಹೊಗೆ ಕಂಡಿತು. ಮಟಮಟ ಮಧ್ಯಾಹ್ನ. ಭಾವ ಮುಂಡು ಕಟ್ಟಿ ಹೊರಗಿನ ಒಲೆಬಾಯಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ತೆಂಗಿನ ಕರಟ ತುಂಬುತ್ತಿದ್ದರು. ಒಳಗೆ ನಾಗಶ್ರೀಯ ಹಾಡು, ನೀರಿನ ಸದ್ದು.

ವಯ್ನಿ ತಲೆ ಒಣಗಿಸುತ್ತ ಜಗುಲಿಯಲ್ಲಿ ಕೂತಿದ್ದರು. "ನೀ ಹೋದ ಮೇಲೆ ಎಂತಾ ಚಳಿ ಮಾರಾಯ್ತಿ. ಕಾರವಾರದ ಗೀಸರಿಗಿಂತ ನಿಮ್ಮ ಹಂಡೆ ನೀರೇ ಚಲೋ. ದಿನಕ್ಕೆ ಎರಡೆರಡು ಸಲ ಮೀಯೂದು. ನಿಮ್ಮ ಭಾವ ಒಲೆ ಆರೂಕೇ ಬಿಡಲಿಲ್ಲ, ಚಿಕ್ಕವರಾದ ಹಾಗೆ ಮಾಡ್ತಾರೆ."

ಮೇ ತಿಂಗಳಲ್ಲಿ, ಅಂಕೋಲೆಯಲ್ಲಿ, ದಿನಕ್ಕೆ ಎರಡು ಸಲ ಬಿಸಿನೀರಿನ ಸ್ನಾನ. ಯಾವ ಜನ್ಮದಲ್ಲಿ ಯೋಚಿಸಲಿ ನಾನು ಇದನ್ನು?

ನಾಗಶ್ರೀ ಹೊರಬರುವ ತನಕ ಕಾದು ಅಟ್ಟ ಹತ್ತಿದೆ. ಅಟ್ಟದ ಹಲಗೆ ಮುಟ್ಟಲಾಗದಷ್ಟು ಬಿಸಿ. ಸೀರೆ ತೆಗೆದು ಬೀಜದೊಳಗೆ ಕೈ ಹಾಕಿದೆ, ತಟ್ಟನೆ ತೆಗೆದೆ. ಹುರಿದ ಅವಲಕ್ಕಿಯ ಪರಿಮಳ.

ಚೀಲಕ್ಕೆ ತುಂಬಿ ಅಡುಗೆಮನೆಯ ಮೂಲೆಗೆ ತಂದಿಟ್ಟೆ. ಯಾರೂ ಏನೆಂದು ಕೇಳಲಿಲ್ಲ.

ಮೇ ೧೮

ಒಂದು ಮುಷ್ಟಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿದ್ದೇನೆ. ಮೊಳೆಯುತ್ತದೋ ನೋಡೋಣ. ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಒಂದು ಯೋಚನೆ ತಲೆ ಬಿಟ್ಟು ಹೋಗುತ್ತಿಲ್ಲ. ಭಾವ ಬೇಕೆಂದೇ ಮಾಡಿದರಾ? ಅಟ್ಟದಲ್ಲಿ ಬೀಜ ಇರುವುದು ನೋಡಿ, ಕರಟದ ಮೇಲೆ ಕರಟ... ಊಟ ಬಡಿಸುವಾಗ ಅವರ ಮುಖ ನೋಡಿದೆ. ಸೌತೆಕಾಯಿ ಹುಳಿ ಚೆನ್ನಾಗಿದೆ ಎಂದರು. ಸಾಂಬಾರಿನ ಸೌಟು ಅವರ ತಟ್ಟೆಗೆ ಸ್ವಲ್ಪ ಜೋರಾಗಿಯೇ ತಾಗಿತು.

ಸಂಜೆ ನಾಚಿಕೆಯಾಯಿತು. ಅಲ್ಲಿ ಬೀಜ ಇದೆಯೆಂದು ಪ್ರಪಂಚದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಮುಚ್ಚಿಟ್ಟವಳು ನಾನು, ಅದರ ಮೇಲೆ ಸೀರೆ ಹೊದಿಸಿದವಳೂ ನಾನು. ಒಂದು ಮಾತು ಹೇಳಿ ಹೋಗಿದ್ದರೆ ಭಾವನೇ ಇಳಿಸಿಡುತ್ತಿದ್ದರು.

ಮಾವ: "ಬಿಸಿಲಾಯ್ತಾ?"

ನಾನು: "ಆಯ್ತು ಮಾವ."

ಮೇ ೧೯

ಬಟ್ಟೆ ಬಿಚ್ಚಿ ನೋಡಿದೆ. ಏನೂ ಇಲ್ಲ. ಚಳಿಗೆ ತಡವಾಗಬಹುದು.

ಮಧ್ಯಾಹ್ನ ಫೋನ್ ಮಾಡಿ ಅತ್ತೆಗೆ, ಅಕ್ಕಿ ಡಬ್ಬಿ ಮುಟ್ಟಬೇಡಿ, ಇರುವೆ ಪುಡಿ ಹಾಕಿದ್ದೇನೆ ಎಂದೆ. ಇನ್ನೆಷ್ಟು ಸುಳ್ಳು ಹೇಳಬೇಕೋ. ಕುಮಾರಣ್ಣ ಕೂಲರುಗಳಿಗೆ ಪ್ಲಾಸ್ಟಿಕ್ ಹೊದಿಸಿ ಗೋದಾಮಿಗೆ ಕಳಿಸಿದರು. ಅವರಿಗೆ ಮುಂದಿನ ವರ್ಷ ಇದೆ.

ಮೇ ೨೧, ಬೆಳಿಗ್ಗೆ

ಒದ್ದೆ ಬಟ್ಟೆಯಿಂದ ಹುಳಿ ವಾಸನೆ. ಕಾಳು ಉಬ್ಬಿದೆ, ಬಾಯಿ ತೆರೆದಿಲ್ಲ. ಹಿಸುಕಿದರೆ ಹಿಟ್ಟು. ಒಂದಾದರೂ, ಒಂದೇ ಒಂದಾದರೂ ಇರಬಹುದೆಂದು ಒಂದೊಂದನ್ನೇ ಬಿಡಿಸಿ ನೋಡಿದೆ.

ಇಲ್ಲ. ಸತ್ತಿದೆ.

ಕಸ ಗುಡಿಸಲು ಅಂಗಳಕ್ಕೆ ಹೋದೆ. ತುಳಸಿಕಟ್ಟೆಯ ಪಕ್ಕ, ಅವತ್ತು ಚೆಲ್ಲಿದ್ದು — ಹಸಿರು. ಸೂಜಿಯ ಹಾಗೆ ನೆಟ್ಟಗೆ ನಿಂತಿವೆ. ಬಿಸಿಲು ತೋರಿಸಿರಲಿಲ್ಲ, ನೆನೆಹಾಕಿರಲಿಲ್ಲ, ಯಾರೂ ತಿರುಗಿಯೂ ನೋಡಿರಲಿಲ್ಲ. ಹನಿ ಮಳೆಗೆ ತಾವೇ ಮೊಳೆತಿವೆ.

ಸುಮ್ಮನೆ ಬುಟ್ಟಿಯಲ್ಲಿ ಬಿಟ್ಟಿದ್ದರೆ ಸಾಕಿತ್ತು. ನಾನು ಏನೂ ಮಾಡದಿದ್ದರೆ ಸಾಕಿತ್ತು. ಪೊರಕೆ ಹಿಡಿದು ಅಲ್ಲೇ ಕೂತು ಅತ್ತುಬಿಟ್ಟೆ. ಬಾಯಿಗೆ ವೇಲು ತುರುಕಿಕೊಂಡು, ಸದ್ದಾಗದ ಹಾಗೆ.

ತಲೆ ಎತ್ತಿದರೆ ಜಗುಲಿಯಿಂದ ಮಾವ ನೋಡುತ್ತಿದ್ದಾರೆ.

ಮೇ ೨೧, ಸಂಜೆ

ಹೇಳಿದೆ. ಶೋರೂಮಿಗೆ ಹೋಗಲಿಲ್ಲ. ಭಾವನ ಮನೆಯವರು ಸಂತೆಗೆ ಹೋದಾಗ, ಅತ್ತೆ ಕೊಟ್ಟಿಗೆಯಲ್ಲಿದ್ದಾಗ, ಚೀಲ ತಂದು ಮಾವನ ಮುಂದಿಟ್ಟು ಎಲ್ಲ ಹೇಳಿದೆ. ಅಟ್ಟ, ಸೀರೆ, ಕದ್ವಾಡ, ಸುಳ್ಳು. ಒಂದೇ ಉಸಿರಿಗೆ.

ಮಾವ ಬಲಗೈಯಲ್ಲಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು.

"ಬೆಂದದೆ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಗಜನಿಯ ಕಡೆ ನೋಡಿದರು. ಆಮೇಲೆ ಕೇಳಿದರು: "ಯಾರಿಗೆ ಹೇಳಿದ್ಯೆ?"

"ಯಾರಿಗೂ ಇಲ್ಲ ಮಾವ."

"ಹೇಳೂದ್ ಬ್ಯಾಡ."

ಮೇ ೨೨

ಅತ್ತೆಯ ಹತ್ತಿರ ಸುತ್ತಿ ಬಳಸಿ ಕೇಳಿದೆ. ಯಾರದಾದರೂ ಬೀಜ ಕೆಟ್ಟರೆ ಏನು ಮಾಡುತ್ತಾರೆ ಎಂದು.

"ಇದ್ದವರ ಮನೆಗೆ ಹೋಗಿ ಬೇಡೂದು. ಬೀಜ ಮಾರೂದಿಲ್ಲ, ಬೇಡಿದ್ರೆ ಇಲ್ಲ ಅನ್ನೂದೂ ಇಲ್ಲ. ಆದರೆ ಬೀಜ ಯಾರ ಕೈಯಲ್ಲಿ ಕೆಟ್ಟಿತ್ತೋ ಅವರೇ ಹೋಗ್ಬೇಕು. ಅಂಗಳದಲ್ಲಿ ನಿಂತು, ಸೆರಗೊಡ್ಡಿ, ಹೆಂಗೆ ಕೆಟ್ತು ಹೇಳಿ ನಾಲ್ಕು ಜನಕ್ಕೆ ಕೇಳೂ ಹಾಂಗೆ ಹೇಳ್ಬೇಕು. ಸುಳ್ಳು ಹೇಳಿ ತಂದ ಬೀಜ ಮೊಳೂದಿಲ್ಲ." ಅತ್ತೆ ನಕ್ಕರು. "ನಮ್ಮ ತಿಮ್ಮಿ ಬಂದಿತ್ತಲ್ಲ ಒಂದ್ಸಲ. ಕಣಜದ ಬಾಯಿ ಮುಚ್ಚೂಕೆ ಮರ್ತು ಇಲಿ ತಿಂದಿತ್ತು. ಅವತ್ತಿಂದ ಇಲಿ ತಿಮ್ಮಿ ಅಂದ್ರೇ ಗೊತ್ತು ಎಲ್ಲರಿಗೆ."

ತಿಮ್ಮಿಯಕ್ಕ ನಮ್ಮ ಪಕ್ಕದ ಕೇರಿಯವರು. ಮೊಮ್ಮಕ್ಕಳು ಬಂದಿವೆ ಅವರಿಗೆ. ನಾನೂ ಅವರನ್ನು ಇಲಿ ತಿಮ್ಮಿಯಕ್ಕ ಎಂದೇ ಕರೆಯುವುದು, ಯಾಕೆಂದು ಇವತ್ತಿನವರೆಗೆ ಕೇಳಿರಲಿಲ್ಲ.

ಮಾವ ಹೇಳಬೇಡ ಎಂದದ್ದು ಯಾಕೆಂದು ಈಗ ಅರ್ಥವಾಗುತ್ತಿದೆ.

ಮೇ ೨೩

ಬೆಳಿಗ್ಗೆ ಮಾವ ಕರೆದು, "ಆ ಭತ್ತ ಕುಟ್ಟು. ಉಣ್ವ" ಎಂದರು.

ಬೀಜದ ಭತ್ತ ಕುಟ್ಟುವುದೆಂದರೆ ಈ ಕಡೆ ಎಂಥ ಮಾತು ಎಂದು ಕದ್ವಾಡದವಳಾದ ನನಗೂ ಗೊತ್ತು. ಬೀಜ ತಿಂದ ಮನೆ ಎಂದು ಬೈಗುಳವೇ ಇದೆ. ಅತ್ತೆ ಬೆಳಿಗ್ಗೆಯಿಂದಲೇ ತಂಗಿಯ ಮನೆಗೆ ಹೋಗಿದ್ದರು. ಕುಟ್ಟಿದೆ. ಕೆಂಪಕ್ಕಿ, ಒಂದು ಕಾಳೂ ನುಚ್ಚಾಗಲಿಲ್ಲ.

ಮೇ ೨೪

ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ನಿನ್ನೆ ಮಧ್ಯಾಹ್ನ ನಡೆದದ್ದು ಬರೆಯಬೇಕು.

ಎಲ್ಲರೂ ಊಟಕ್ಕೆ ಕೂತರು. ಅತ್ತೆ ತಂಗಿಯ ಮನೆಯಿಂದ ಮರಳಿದ್ದರು, ಇವರೂ ಡ್ಯೂಟಿ ಮುಗಿಸಿ ಬಂದಿದ್ದರು. ಕಗ್ಗದ ಅನ್ನ, ಬಂಗಡೆ ಸಾರು. ಭಾವ ಎರಡು ತುತ್ತು ಉಂಡು, "ಎಷ್ಟು ವರ್ಷ ಆಯ್ತು ಈ ಅನ್ನ ಉಂಡು" ಎಂದರು. ನಿಜವಾಗಿ ಹೇಳಿದರು, ಮುಖ ಚಿಕ್ಕ ಮಕ್ಕಳ ಹಾಗಾಗಿತ್ತು. ನಾಗಶ್ರೀಗೆ, "ನಿನ್ನಷ್ಟು ಇರುವಾಗ ನಾವು ಇದನ್ನೇ ಉಂಡದ್ದು" ಎಂದರು.

ಮಾವ ತಟ್ಟೆ ನೋಡುತ್ತಲೇ ಭಾವನಿಗೆ ಹೇಳಿದರು. "ರಾಮನಾಥ, ಈ ವರ್ಷ ಬಿತ್ತೂದ್ ಬ್ಯಾಡ. ಸಿಗಡಿಯವಂಗೆ ಹೇಳು."

ಭಾವನ ತುತ್ತು ಅರ್ಧಕ್ಕೇ ನಿಂತಿತು. ಬಯಸಿದ್ದೇ ಸಿಕ್ಕಿತ್ತು, ಆದರೂ ಗಾಬರಿಯಾದರು.

"ಎಂತಕೆ ಅಪ್ಪ? ಬೀಜ ಎಂತಾಯ್ತು?"

"ಉಣ್ತಾ ಇದ್ಯಲ್ಲ."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ವಯ್ನಿ ತಟ್ಟೆಯಿಂದ ಕೈ ತೆಗೆದರು. ಇವರು ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ಹಿಡಿದು ಗೋಡೆಗೆ ಒರಗಿದ್ದೆ.

"ಭಾರತಿ ಬ್ಯಾಡ ಅಂತು. ನಾ ಕೇಳ್ಲಿಲ್ಲ. ನಂಗೆ ಉಣ್ಬೇಕು ಅನ್ಸ್ತು, ಕುಟ್ಟೂಕೆ ಹೇಳ್ದೆ." ಲಕ್ವ ಹೊಡೆದ ಮೇಲೆ ಮಾವ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದೇ ಇಲ್ಲ. ಒಂದೊಂದು ಶಬ್ದವನ್ನೂ ಎತ್ತಿ ಇಟ್ಟ ಹಾಗೆ ಹೇಳಿದರು.

ಅತ್ತೆ ಬೈದರು. ಮುದಿಯ, ಬಾಯಿಚಪಲಕ್ಕೆ ಬೀಜ ತಿಂದವ, ಹಿರಿಯರಿಗೆ ಏನೆಂದು ಮುಖ ತೋರಿಸ್ತೆ — ಕಣ್ಣೀರು ಹಾಕಿ ಬೈದರು. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ತಟ್ಟೆ ನನ್ನ ಕಡೆ ಸರಿಸಿದರು.

"ಅನ್ನ ಹಾಕು ತಂಗಿ."

ಹಾಕಿದೆ. ಅಲ್ಲ ಎಂದು ಹೇಳಬೇಕಿತ್ತು. ಬೇಡದಿದ್ದಾಗ ಮುಂದೆ ಓಡುವ ಬಾಯಿ ಬೇಕಾದಾಗ ಸತ್ತುಹೋಯಿತು. ಮಾವ ದಿನವಿಡೀ ನೋಡುವುದು ಆ ಗಜನಿಯೊಂದನ್ನೇ. ಅದನ್ನು ಕೊಟ್ಟು ನನ್ನ ಮಾನ ಉಳಿಸಿದರು. ನಾನು ಸಾರು ಬಡಿಸಿದೆ.

ಮೇ ೨೫, ಬೆಳಿಗ್ಗೆ

ಮೋಡ. ತಂಪು. ಸಿಗಡಿಯವನು ಹತ್ತು ಗಂಟೆಗೆ ಬರುತ್ತಾನಂತೆ, ತೂಬು ನೋಡಲು. ಅತ್ತೆ ಮಾವನಿಗೆ ಚಹಾ ಕೊಡುವಾಗ ಲೋಟ ಕುಕ್ಕಿದರು. ಅವರು ಗಜನಿಗೆ ಬೆನ್ನು ಹಾಕಿ ಕೂತಿದ್ದಾರೆ. ಗೋಡೆ ನೋಡಿಕೊಂಡು. ಈ ಮನೆಗೆ ಬಂದ ಮೇಲೆ ಅವರು ಹಾಗೆ ಕೂತದ್ದನ್ನು ನಾನು ನೋಡಿಲ್ಲ.

ತಿಮ್ಮಿಯಕ್ಕನ ಮನೆಯಲ್ಲಿ ಬೀಜ ಇದೆ. ವಿಚಾರಿಸಿದೆ.

ಸೀರೆ ಉಟ್ಟಿದ್ದೇನೆ. ಸೆರಗೊಡ್ಡಲು ಚೂಡಿದಾರದ ವೇಲು ನಡೆಯುತ್ತದೋ ಇಲ್ಲವೋ ಯಾರನ್ನು ಕೇಳಲಿ? ಬುಟ್ಟಿ ತೊಳೆದಿಟ್ಟಿದ್ದೇನೆ. ನಾಳೆಯಿಂದ ಬಚ್ಚಲ ಭಾರತಿ ಎನ್ನುತ್ತಾರೆ. ಶೋರೂಮಿಗೂ ಮುಟ್ಟುತ್ತದೆ. ಬಸ್ಸಿನಲ್ಲಿ ಇವರನ್ನೂ ಕೇಳುತ್ತಾರೆ. ಮೊಮ್ಮಕ್ಕಳು ಬಂದರೂ ಹೋಗುವುದಿಲ್ಲ ಆ ಹೆಸರು. ಅನ್ನಲಿ.

ಭಾವ ಜಗುಲಿಗೆ ಬಂದರು, ಫೋನ್ ಹಿಡಿದಿದ್ದಾರೆ. ಮೊದಲು ಅವರ ಮುಂದೆ, ಮಾವನ ಎದುರಿಗೇ. ಆಮೇಲೆ ತಿಮ್ಮಿಯಕ್ಕನ ಅಂಗಳ. ಹೇಗೆ ಶುರು ಮಾಡಲಿ... ಭಾವ, ಸ್ವಲ್ಪ ನಿಲ್ಲಿ. ಬೀಜ ಮಾವ ಉಂಡದ್ದಲ್ಲ. ಅದು ಮೊದಲೇ ಸತ್ತಿತ್ತು. ಸಾಯಿಸಿದ್ದು ನಾನು, ಬಚ್ಚಲ ಅಟ್ಟದ ಮೇಲೆ —